ಸೋರೆಬುರುಡೆ ಮತ್ತು ಸಾಬಮ್ಮನ ಅರ್ಜಿ

ಮೊನ್ನೆ ಹಳೆಯ ಪೆನ್ನೊಂದನ್ನು ಹುಡುಕಲು ಅಟ್ಟ ಹತ್ತಿದಾಗ ಒಣಗಿದ ಸೋರೆಬುರುಡೆಯೊಂದು ಉರುಳಿ ಬಂದು ನನ್ನ ತಲೆಗೆ ಬಡಿಯಿತು. ಟೊಳ್ಳು ಸದ್ದು ಕೇಳಿಸಿತು. ಎರಡರಲ್ಲಿ ಯಾವುದರದು ಎಂದು ಕೆಳಗೆ ನಿಂತಿದ್ದ ಹೆಂಡತಿ ವಿಚಾರಿಸಲಿಲ್ಲ. ಆಕೆಗೆ ಗೊತ್ತಿತ್ತು.

ಪೆನ್ನು ಬೇಕಾಗಿದ್ದದ್ದು ಒಂದು ನಮೂನೆ ತುಂಬಲು. ಶಹಾಪುರದ ಕಡೆಯ ಒಂದು ಶಾಲೆಯವರು ನಮ್ಮ ಸುತ್ತಲಿನ ಸಾಧಕರ ಮೇಲೆ ಪುಸ್ತಕ ಮಾಡುತ್ತಾರಂತೆ. ಸಾಧಕರ ಹೆಸರು, ಸಾಧನೆ, ಎದುರಿಸಿದ ಅಡೆತಡೆಗಳು ಎಂದು ಮೂರು ಖಾನೆ. ಇಂಥ ಪುಸ್ತಕಗಳನ್ನು ನೀವೂ ಓದಿರುತ್ತೀರಿ. ಅವುಗಳಲ್ಲಿ ಎಲ್ಲರೂ ಬೀದಿದೀಪದ ಕೆಳಗೇ ಓದುತ್ತಾರೆ. ಅಷ್ಟೊಂದು ಬೀದಿದೀಪ ನಮ್ಮ ಕಡೆ ಯಾವ ಕಾಲದಲ್ಲಿ ಉರಿದಿದ್ದವೋ ನಾನಂತೂ ಕಾಣೆ. ನಾನು ಸಾಬಮ್ಮನ ಹೆಸರು ಬರೆದೆ. ಸಾಧನೆ: ಈಜು ಕಲಿಸಿದ್ದು. ಅಡೆತಡೆ: ಎಡಗಾಲು. ಅಷ್ಟಕ್ಕೆ ಪೆನ್ನಿನ ಮಸಿ ಮುಗಿದು, ನಾನು ಅಟ್ಟ ಹತ್ತಬೇಕಾಯಿತು.

ಕಾಲುವೆ ಹೊಸದಾಗಿ ಬಂದ ವರ್ಷಗಳಲ್ಲಿ ನಾನು ನೀರಾವರಿ ಇಲಾಖೆಯ ಒಂದು ಕ್ಯಾಂಪಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕ್ಯಾಂಪು ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಸಾಬಮ್ಮ ಪಕ್ಕದ ಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಸಣ್ಣವಳಿದ್ದಾಗ ಪೋಲಿಯೋ ಬಂದು ಎಡಗಾಲು ಕಡ್ಡಿಯಾಗಿತ್ತು. ತುಳಿಯುವ ಮೆಷಿನ್ ಆಗದೆಂದು ಕೈಮೆಷಿನ್ ಇಟ್ಟುಕೊಂಡಿದ್ದಳು. ಮೆಷಿನ್ನಿಗಿಂತ ಬಾಯಿ ಜೋರು.

ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಬಯಲುಸೀಮೆಯವರಿಗೆ ಅಲ್ಲಿಯವರೆಗೆ ನೀರೆಂದರೆ ಬಾವಿ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಹಾರುವುದು, ನಾಲ್ಕು ಸುತ್ತು ಹಾಕುವುದು, ಮೆಟ್ಟಿಲು ಹತ್ತಿ ಬರುವುದು, ಇದೇ ಈಜು. ಕಾಲುವೆ ಬಂದಾಗ ಅದನ್ನೂ ಉದ್ದನೆಯ ಬಾವಿ ಎಂದೇ ತಿಳಿದೆವು. ನಮ್ಮ ಜವಾನ ಕಚೇರಿಯ ಎದುರು ಬುರುಡೆ ಕಟ್ಟಿಕೊಂಡು ಹಾರಿದವನು ಒಂದು ಮೈಲಿ ಆಚೆ ಎದ್ದು, ಒದ್ದೆ ಚಡ್ಡಿಯಲ್ಲಿ ಊರ ನಡುವಿನಿಂದ ನಡೆದು ಬಂದ. ಅವನು ಬದುಕಿದ್ದರಿಂದ ನಕ್ಕೆವು. ಎಲ್ಲರೂ ಬದುಕಲಿಲ್ಲ. ಕಾಲುವೆಯ ಇಳಿಜಾರು ಸಿಮೆಂಟಿಗೆ ಪಾಚಿ ಹಿಡಿದಿತ್ತು. ಬಾವಿಯ ರೂಢಿಯಲ್ಲಿ ದಂಡೆ ಹಿಡಿಯಲು ಹೋದವರು ಜಾರಿ ಜಾರಿ ಸೋತು ಮುಳುಗುತ್ತಿದ್ದರು. ಸಾಬಮ್ಮನ ಅಕ್ಕನ ಮಗಳು, ಹದಿನಾಲ್ಕರ ಹುಡುಗಿ, ನೀರು ತರಲು ಹೋದವಳು ಹಾಗೆಯೇ ಹೋದಳು. ಅವಳಿಗೆಂದು ಅರ್ಧ ಹೊಲಿದ ಲಂಗ ಬಹಳ ದಿನ ಮೆಷಿನ್ನಿನ ಪಕ್ಕದಲ್ಲೇ ಇತ್ತು.

ಕೆಲವು ತಿಂಗಳಿಗೆ ಸಾಬಮ್ಮನೇ ಬಟ್ಟೆ ಒಗೆಯುವಾಗ ಜಾರಿ ಬಿದ್ದಳು. ಒದೆಯಲು ಕಾಲಿನಲ್ಲಿ ಕಸುವಿಲ್ಲದ್ದರಿಂದ ಒದ್ದಾಡಲಿಲ್ಲ. ಅಂಗಾತ ಬಿದ್ದು ನೀರು ಒಯ್ದಲ್ಲಿಗೆ ಹೋಗಿ, ಸೇತುವೆಯ ಹತ್ತಿರದ ಮೆಟ್ಟಿಲ ಕಲ್ಲು ಹಿಡಿದು ಎದ್ದಳು. ಮರುದಿನ ಬೇಕೆಂದೇ ಬಿದ್ದಳು. ಆಮೇಲೆ ಅದೇ ಚಾಳಿಯಾಯಿತು. ಕೋಲನ್ನು ಗಾಡಿಯವನೊಬ್ಬನ ಕೈಗೆ ಕೊಟ್ಟು ತಾನು ನೀರಿನಲ್ಲಿ ಹೋಗುವುದು, ವಾಪಸು ಅವನ ಗಾಡಿಯಲ್ಲಿ ಬರುವುದು. ಜನ ನಗಾಡಿದರು.

"ಯಾಕ್ ನಗ್ತೀರಿ? ನೆಲದ ಮ್ಯಾಲ ನಾ ಪ್ಯಾಸೆಂಜರ್, ನೀರಾಗ ಎಕ್ಸ್‌ಪ್ರೆಸ್" ಎಂದಳು.

ಒಂದು ದಿನ ಕಚೇರಿಗೆ ಅರ್ಜಿ ತಂದಳು. ಮೆಟ್ಟಿಲ ಹತ್ತಿರ ಕಾಲುವೆಗೆ ಅಡ್ಡ ಹಗ್ಗ ಕಟ್ಟಿ, ಅದಕ್ಕೆ ಸೋರೆಬುರುಡೆ ಪೋಣಿಸಿ, ಊರಿನ ಹೆಣ್ಣುಮಕ್ಕಳಿಗೆ ತೇಲುವುದನ್ನು ಕಲಿಸಲು ಪರವಾನಗಿ ಬೇಕಂತೆ.

"ಕಾಲುವಿಗಿ ಇಳೀಬಾರದು ಅಂತ ಬೋರ್ಡ್ ಹಾಕೀವಲ್ಲ ಯಮ್ಮಾ" ಎಂದೆ.

"ಬೋರ್ಡಿನ್ಯಾಗ ನೀರು ಬರ್ತಾವೇನ್ರಿ? ಕೊಡ ತುಂಬಾಕ ಇಳದ ಇಳೀತಾರ್ರಿ ಹುಡುಗ್ಯಾರು."

"ನೀ ಈಜ ಕಲಸ್ತೀ ಅಂದ್ರ ಸಾಹೇಬ್ರು ನಗ್ತಾರ" ಎಂದು ಹೇಳಿ ನಾನೇ ನಕ್ಕೆ. "ಇಟ್ಟು ಹೋಗು, ನೋಡೂಣಂತ."

ನೋಡೋಣ ಎಂದರೆ ನೋಡುವುದಿಲ್ಲ ಎಂದು ಅರ್ಥ. ಆಕೆ ಹೋದ ಮೇಲೆ ಮೇಜಿಗೆ ಕಲೆ ಬೀಳದಿರಲೆಂದು ಆ ಹಾಳೆಯನ್ನು ನನ್ನ ಚಹಾ ಗ್ಲಾಸಿನ ಅಡಿ ಹಾಸಿದೆ. ಎರಡು ತಿಂಗಳು ಅದು ಅಲ್ಲೇ ಇತ್ತು. ನಡುವೆ ಕಚೇರಿಯ ಪರದೆ ಹೊಲಿದು ಕೊಡಲು ಸಾಬಮ್ಮ ಬಂದಿದ್ದಳು. ಅರ್ಜಿಯ ಮಾತೇ ಎತ್ತಲಿಲ್ಲ. ಮರೆತಿರಬೇಕು ಎಂದುಕೊಂಡೆ.

ಒಂದು ಮುಂಜಾನೆ ನಮ್ಮ ಬೋರ್ಡಿನ ಬಣ್ಣ ಹೋಗಿದೆಯೇ ಎಂದು ನೋಡಲು ಹೋದೆ. 'ಕಾಲುವೆಗೆ ಇಳಿಯಬಾರದು' ಎಂಬುದನ್ನು ಓದುತ್ತಲೇ ಕಾಲುವೆಗೆ ಇಳಿದೆ, ಜಾರಿಕೊಂಡು. ಸುರಪುರದ ಕಡೆಯ ನಮ್ಮೂರ ಬಾವಿಯಲ್ಲಿ ನನಗೆ ಈಜುಗಾರನೆಂದು ಹೆಸರಿತ್ತು. ಆ ಹೆಸರಿನ ಧೈರ್ಯದಲ್ಲಿ ದಂಡೆಗೆ ಕೈ ಹಾಕಿದೆ, ಜಾರಿದೆ. ಮತ್ತೆ ಹಾಕಿದೆ, ಮತ್ತೆ ಜಾರಿದೆ. ನಾಲ್ಕನೆಯ ಸಲಕ್ಕೆ ತೋಳು ಸೋತು ಬಾಯಿಗೆ ನೀರು ಬಂತು. ಸಾಯುತ್ತೇನೆ ಎಂದು ಗೊತ್ತಾಯಿತು. ಬಹಳ ಹೆದರಿದೆ.

"ಸಾಹೇಬ್ರ, ದಂಡಿ ಬಿಡ್ರಿ!" ಎಂದು ದೂರದಿಂದ ದನಿ ಬಂತು. "ಶಾಪುರ ಗುಡ್ಡದಾಗ ಬುದ್ಧ ಮಲಗ್ಯಾನಲ್ರಿ, ಹಂಗ ಅಂಗಾತ ಬೀಳ್ರಿ!"

ಬಿದ್ದೆ. ಆ ಗುಡ್ಡಸಾಲಿನ ಆಕಾರದಲ್ಲಿ ಮಲಗಿದ ಬುದ್ಧನ ಶಾಂತಿ ಸಿಗಲಿಲ್ಲ, ಮೂಗು ಮಾತ್ರ ನೀರಿನ ಮೇಲೆ ಬಂತು. ಕಾಲುವೆ ನನ್ನನ್ನು ಸೇತುವೆಯವರೆಗೆ ತಾನಾಗಿ ಒಯ್ದಿತು. ಅಲ್ಲಿ ಪರವಾನಗಿ ಇಲ್ಲದ ಹಗ್ಗ, ಪರವಾನಗಿ ಇಲ್ಲದ ಬುರುಡೆಗಳು. ಒಂದನ್ನು ತಬ್ಬಿಕೊಂಡೆ. ಮೆಟ್ಟಿಲ ಮೇಲೆ ಸಾಬಮ್ಮ ಕೂತಿದ್ದಳು, ಪಕ್ಕದಲ್ಲಿ ಐದಾರು ಒದ್ದೆ ಹುಡುಗಿಯರು.

"ನನ್ನ ಅರ್ಜಿ ಏನಾತ್ರಿ?" ಎಂದು ಕೇಳಿದಳು. ಕೋಲನ್ನು ಇನ್ನೂ ಚಾಚಿರಲಿಲ್ಲ.

"ಮ್ಯಾಲಕ ಕಳಿಸೀನಿ ಯಮ್ಮಾ" ಎಂದೆ, ನೀರು ಉಗುಳುತ್ತಾ.

"ಛಲೋ ಆತ್ರಿ" ಎಂದು ಕೋಲು ಚಾಚಿದಳು. ನಾನು ಮೇಲೆ ಬಂದಾಗ ಬುರುಡೆಯೂ ಹಗ್ಗದಿಂದ ಕಿತ್ತು ನನ್ನ ಜೊತೆಗೇ ಬಂದಿತ್ತು. "ಒಯ್ರಿ, ಮತ್ತ ಬೇಕಾಗ್ತದ" ಎಂದಳು. ಹುಡುಗಿಯರು ಕಿಸಕ್ಕನೆ ನಕ್ಕರು.

ಕಚೇರಿಯಲ್ಲಿ ಎಲ್ಲರಿಗೂ ನಾನೇ ಈಜಿ ದಡ ಸೇರಿದೆ ಎಂದು ಹೇಳಿದೆ. ಅರ್ಜಿಯನ್ನು ಮುಂದಕ್ಕೆ ಕಳಿಸಲಿಲ್ಲ. ಕಳಿಸಿದರೆ ಈಗ ಯಾಕೆ ಎಂದು ಕೇಳುತ್ತಿದ್ದರು, ಮುಳುಗಿದ ಕಥೆ ಹೊರಬರುತ್ತಿತ್ತು. ಬುರುಡೆ ಅಟ್ಟ ಸೇರಿತು. ಆ ಹಗ್ಗವನ್ನು ಬಿಚ್ಚಿಸದೆ ಸುಮ್ಮನಿದ್ದದ್ದೇ ನನ್ನ ದೊಡ್ಡಸ್ತಿಕೆ. ಸಾಬಮ್ಮ ಕಾಗದವಿಲ್ಲದೆ ವರ್ಷಗಟ್ಟಲೆ ಕಲಿಸಿದಳು. ಆ ಊರಿನ ಹೆಣ್ಣುಮಕ್ಕಳು ಇವತ್ತಿಗೂ ಬೋನಾಳ ಕೆರೆಯ ಬಾತುಗಳ ಹಾಗೆ ತೇಲುತ್ತಾರೆ. ಅಲ್ಲಿ ಹುಡುಗಿಯೊಬ್ಬಳು ಮುಳುಗಿದಳೆಂಬ ಸುದ್ದಿ ಆಮೇಲೆ ನನ್ನ ಕಿವಿಗೆ ಬೀಳಲಿಲ್ಲ.

ತಲೆಯ ಬುಗುಟು ಸವರಿಕೊಳ್ಳುತ್ತಾ ನಮೂನೆಯನ್ನು ಮತ್ತೆ ತೆಗೆದೆ. ಅಟ್ಟದಲ್ಲಿ ಸಿಕ್ಕ ಪೆನ್ನಿನಿಂದ ಅಡೆತಡೆಯ ಖಾನೆಯಲ್ಲಿದ್ದ 'ಎಡಗಾಲು' ಹೊಡೆದುಹಾಕಿ ನನ್ನ ಹೆಸರು, ಹುದ್ದೆ ಬರೆದೆ. ನಾಚಿಕೆಯಾಯಿತು, ಹಗುರವೂ ಆಯಿತು. ಬುರುಡೆಯನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಸಾಬಮ್ಮನ ಮನೆಗೆ ಹೋದೆ. ಈಗ ಆಕೆಗೆ ಕಣ್ಣು ಮಂಜು. ಕೈಮೆಷಿನ್ ಮಾತ್ರ ಹಾಗೇ ತಿರುಗುತ್ತಿತ್ತು. ಬರೆದದ್ದನ್ನು ಓದಿ ಹೇಳಿದೆ. ಮೆಷಿನ್ನಿನ ಹಿಡಿಕೆ ತಿರುಗುವುದು ನಿಂತಿತು.

"ಬರೇ ಹೆಸರು ಬರದ್ರ ಹ್ಯಾಂಗ್ರಿ?" ಎಂದಳು. "ಚಾ ಗ್ಲಾಸೂ ಬರೀರಿ."

"ನಿನಗ ಗೊತ್ತಿತ್ತಾ?"

"ಪರದಿ ಕೊಡಾಕ ಬಂದಾಗ ನೋಡಿದ್ನಲ್ರಿ. ಬುರುಡಿ ಹಿಡಕೊಂಡು ಜೋತಾಡಾಕತ್ತಾಗರ ಖರೇ ಹೇಳ್ತೀರೇನಂತ ಕೇಳಿದ್ದೆ."

ನಾನು ಪೆನ್ನು ತೆಗೆದು, ನನ್ನ ಹುದ್ದೆಯ ಪಕ್ಕದಲ್ಲಿ ಚಹಾ ಗ್ಲಾಸು ಎಂದು ಬರೆದೆ.