ಕಾಡಿಗೆಯ ಗುರುತು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಈಚೆಗೆ ಗಾಂಧಿನಗರದ ನನ್ನ ಅಂಗಡಿಯಲ್ಲಿ ಹಳೆಯ ವಾಚೊಂದರ ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದಾಗ, ಆ ವಾಸನೆಯೊಡನೆ ಕುರುಗೋಡಿನ ನಮ್ಮ ಪಡಸಾಲೆ ಕಣ್ಣೆದುರು ಬಂತು. ಆ ಮನೆ ಈಗಿಲ್ಲ. ಅಲ್ಲಿ ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು ಅಪ್ಪ ವಾಚು ರಿಪೇರಿ ಮಾಡುತ್ತಿದ್ದ. ಎದುರಿಗೆ ನನ್ನ ಅಕ್ಕ. ಅವಳ ಕೈ ಅಪ್ಪನ ಕೈಗಿಂತ ಹಗುರ. ಕ್ರೋನೋಗ್ರಾಫ್ ವಾಚಿನಲ್ಲಿ ಗುಂಡಿ ಒತ್ತಿದರೆ ಓಟದ ಸಮಯ ಅಳೆಯುವ ಮುಳ್ಳು ಬೇರೆಯಾಗಿ ಹೊರಡುತ್ತದೆ. ಅದರ ಚಕ್ರದ ಹಲ್ಲು ಪಕ್ಕದ ಚಕ್ರದೊಳಗೆ ಎಷ್ಟು ಆಳ ಕೂಡಬೇಕೆಂಬುದನ್ನು ಒಂದು ಸಣ್ಣ ಸ್ಕ್ರೂ ನಿರ್ಧರಿಸುತ್ತದೆ. ಅದು ಬಿಗಿಯುವ ಸ್ಕ್ರೂ ಅಲ್ಲ, ತಿರುಗಿದರೆ ಆ ಆಳವೇ ಬದಲಾಗುತ್ತದೆ. ಕೆಲಸಕ್ಕೆ ಮುಂಚೆ ಅದು ನಿಂತ ಜಾಗಕ್ಕೆ ಸೂಜಿಯಿಂದ ಕಾಡಿಗೆಯ ಗುರುತಿಡುವುದು ಅಕ್ಕನ ಪಾಲಿನದು.

ಒಮ್ಮೆ ಸಿರುಗುಪ್ಪದ ಡ್ರಿಲ್ ಮೇಷ್ಟ್ರ ವಾಚು ಬಂದಿತ್ತು. ಇಬ್ಬರೂ ಊಟಕ್ಕೆ ಎದ್ದಾಗ, ಹನ್ನೆರಡು ವರ್ಷದ ನಾನು ಮೇಜಿಗೆ ಕೂತೆ. ಆ ಸ್ಕ್ರೂ ಸಡಿಲಾಗಿದೆ ಎನಿಸಿ ಬಿಗಿ ಮಾಡಿದೆ. ಗುರುತು ಓರೆಯಾಯಿತು. ಹೆದರಿ ಬೆರಳಿನಿಂದ ಒರೆಸಿಬಿಟ್ಟೆ.

ಆಮೇಲೆ ಗುಂಡಿ ಒತ್ತಿದರೆ ಸಾಕು, ವಾಚೇ ನಿಲ್ಲುತ್ತಿತ್ತು. ಅಪ್ಪ ಸ್ಪ್ರಿಂಗ್ ನೋಡಿದ, ಎಣ್ಣೆ ನೋಡಿದ. ಆ ಮುಳ್ಳನ್ನು ನಿಲ್ಲಿಸಿದೊಡನೆ ವಾಚು ಮತ್ತೆ ನಡೆಯುವುದನ್ನು ಕಂಡು, ಕೊನೆಗೆ ಸ್ಕ್ರೂವಿನ ಮೇಲೆ ಭೂತಗನ್ನಡಿ ಇಳಿಸಿದ.

"ಕಾಡಿಗಿ ಇಟ್ಟಿದ್ದೇನಬೇ?"

"ಇಟ್ಟಿದ್ನೆಪ್ಪಾ."

"ಇಟ್ಟಿದ್ರ ಎಲ್ಲಿ ಹೋತು? ಇರುವಿ ತಿಂದ್ವೇನು? ನಾಳಿಂದ ಇಲ್ಲಿ ಕೂಡಬ್ಯಾಡ. ಒಲಿ ಮುಂದ ಕೂಡು."

ಅಕ್ಕ ನನ್ನ ಬೆರಳನ್ನು ನೋಡಿದಳು. ನಾನು ಮುಷ್ಟಿ ಮುಚ್ಚಿಕೊಂಡೆ. ಆಮೇಲೆ ಹಿತ್ತಲಲ್ಲಿ ಅವಳು ನನ್ನ ಕೈಗೆ ನೀರು ಹಾಕುತ್ತಾ ಮೆಲ್ಲಗೆ ಅಂದಳು: "ತಿಕ್ಕಿ ತೊಳಿಯಲೇ, ಅಪ್ಪ ನೋಡಿದ್ರ ಚರ್ಮ ಸುಲೀತಾನ."

ಮರುದಿನದಿಂದ ಅವಳ ಜಾಗದಲ್ಲಿ ನಾನು ಕೂತೆ. ಆ ವಿದ್ಯೆಯಿಂದಲೇ ಇಷ್ಟು ವರ್ಷ ಉಂಡೆ. ಅವಳನ್ನು ಸಿರುಗುಪ್ಪಕ್ಕೆ ಮದುವೆ ಮಾಡಿಕೊಟ್ಟರು. ನಾನು ಹೋದಾಗಲೆಲ್ಲ ನಿಂತ ಗಡಿಯಾರವೊಂದನ್ನು ನನ್ನ ಮುಂದಿಟ್ಟು, "ನೋಡಪಾ, ನನ್ನ ಕೈ ಈಗ ರೊಟ್ಟಿಗಷ್ಟ" ಎಂದು ನಗುತ್ತಿದ್ದಳು. ಹೇಳಬೇಕೆಂದು ಹೋಗಿ, ಭತ್ತದ ಮಾತಾಡಿ, ಬಸ್ಸು ಹತ್ತಿ ಬರುತ್ತಿದ್ದೆ. ಹೋದ ವರ್ಷ ಅವಳ ಮಣ್ಣಿಗೆ ಹೋದಾಗಲೂ ಎಲ್ಲರ ಹಾಗೆ ಹಿಡಿ ಮಣ್ಣು ಹಾಕಿ ಬಂದೆ. ತಪ್ಪು ನನ್ನದು ಎಂದು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಅವಳ ಹೆಸರು ನೀಲಮ್ಮ.