ಗ್ರೇಸಿಯ ಬಿಳಿ ಫ್ರಾಕು

ಇವತ್ತು ಬೆಳಿಗ್ಗೆ ಬಾಂದ್ರಾದ ಇಗರ್ಜಿಯ ಮುಂದೆ ಬಿಳಿ ಫ್ರಾಕು ತೊಟ್ಟ ಪುಟ್ಟ ಹುಡುಗಿಯರು ನಿಂತಿದ್ದರು. ಚರ್ಚಿನಲ್ಲಿ ಅವರು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನ. ರಿಕ್ಷಾ ನಿಲ್ಲಿಸಲು ಹೇಳಿದೆ.

ನಾನು ಚಿಕ್ಕವಳಿದ್ದಾಗ ನಮ್ಮ ಕಾನ್ವೆಂಟಿನಲ್ಲಿ ಎರಡನೇ ಕ್ಲಾಸಿನ ಕ್ರಿಶ್ಚಿಯನ್ ಮಕ್ಕಳಿಗೆ ಆ ದಿನಕ್ಕೆಂದು ಪ್ರಾರ್ಥನೆಗಳನ್ನು ಕಲಿಸುತ್ತಿದ್ದರು. ನಾವು ಹಿಂದೂ ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕೂತು ಕರವಸ್ತ್ರದ ಅಂಚು ಹೊಲಿಯಬೇಕಿತ್ತು. ಕೇಳಿ ಕೇಳಿ ನನಗೆ ಎಲ್ಲವೂ ಬಾಯಿಪಾಠವಾಗಿತ್ತು. ನಾವಿದ್ದ ಚಾಳಿನಲ್ಲಿ ಪಕ್ಕದ ಕೋಣೆಯ, ನನ್ನದೇ ಕ್ಲಾಸಿನ ಗ್ರೇಸಿಗೆ ಮಾತ್ರ ಏನೂ ನೆನಪಿರದು. ಸಂಜೆ ನಾನೇ ಹೇಳಿಕೊಡುತ್ತಿದ್ದೆ.

“ನಿಂಗೆ ಎಲ್ಲ ಬರ್ತದೆ ಮಾರಾಯ್ತಿ, ಆದ್ರೆ ಫ್ರಾಕ್ ನಂಗೆ ಮಾತ್ರ!” ಎಂದು ನಗುತ್ತಿದ್ದಳು.

ಆ ದಿನ ಹತ್ತಿರ ಬಂದಾಗ ಅವಳಿಗೆ ಟೈಫಾಯ್ಡ್ ಆಗಿ ಆಸ್ಪತ್ರೆಗೆ ಸೇರಿಸಿದರು. ನೋಡಲು ಮಕ್ಕಳನ್ನು ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳ ತಾಯಿ, ನಮ್ಮೆಲ್ಲರ ಬಾಯಮ್ಮ, ಹೊಲಿಗೆ ಮೆಷಿನ್ನಿನ ಮುಂದೆ ಕೂತು ಆ ದಿನಕ್ಕೆಂದು ಹೊಲಿದಿಟ್ಟಿದ್ದ ಬಿಳಿ ಫ್ರಾಕನ್ನು ಬಿಗಿ ಮಾಡುತ್ತಿದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

“ಬಾಯಮ್ಮಾ, ಗ್ರೇಸಿಗೆ ಹುಷಾರಾಯ್ತಾ? ಇಗರ್ಜಿಗೆ ಹೋಗ್ತಾಳಾ?”

ಬಾಯಮ್ಮ ತಲೆ ಎತ್ತಲಿಲ್ಲ. “ಹೋಗ್ತಾಳೆ ಮಗಾ. ತುಂಬ ಸಪೂರ ಆಗಿದ್ದಾಳೆ. ಫ್ರಾಕ್ ಸಡಿಲ ಕಾಣ್ಬಾರ್ದು.”

ನಾನು ಓಡಿಹೋಗಿ ಅಮ್ಮನಿಗೆ ಸುದ್ದಿ ಹೇಳಿದೆ. ನಮ್ಮ ಮುಂದೆ ಎಂದೂ ಅಳದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಗ್ರೇಸಿ ತೀರಿಕೊಂಡ್ಲು ಮಗಳೇ. ಮಣ್ಣಿಗೆ ಕೊಂಡೋಗುವಾಗ ಹಾಕ್ಲಿಕ್ಕೆ ಅದು.”

ಹುಡುಗಿಯರು ಒಳಗೆ ಹೋದರು. ರಿಕ್ಷಾದವನು “ಚಲೇಂ, ಮಾಜೀ?” ಎಂದ. ಯಾರ ಮುಂದೆಯೂ ದನಿ ತಗ್ಗಿಸಿದವಳಲ್ಲ ನಾನು. ಇವತ್ತು ಕೈಸನ್ನೆಯಲ್ಲೇ ಹೊರಡು ಎಂದೆ.