ಟ್ರೈಲರಿನ ಮೇಲೊಂದು ರಂಗಮಂದಿರ

ನಮ್ಮ ಎದುರುಮನೆಯವರು ಹಾಲಿನ ಡೈರಿಯ ಕಾರ್ಯದರ್ಶಿ. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಯಾರು ಏನೇ ಕಷ್ಟ ಹೇಳಿದರೂ ತೊಡೆಗೆ ಒಂದೇಟು ಹಾಕಿಕೊಂಡು, "ಆಯ್ತದೆ ಬುಡು" ಎನ್ನುವರು. ಪೌರಾಣಿಕ ನಾಟಕದಲ್ಲಿ ಗದೆ ಹಿಡಿಯುವ ಪಾತ್ರ ಅವರದೇ. ನಮ್ಮ ಕಡೆ ಎರಡು ಟ್ರಾಕ್ಟರ್ ಟ್ರೈಲರು ಜೋಡಿಸಿ ಹಲಗೆ ಹಾಸಿದರೆ ಅದೇ ರಂಗ. ಮಾವ ಕಾಲಿಟ್ಟೊಡನೆ ಅದು ಗಡಗಡ ಅಲ್ಲಾಡುತ್ತಿತ್ತು, ಜನ ಶಿಳ್ಳೆ ಹೊಡೆಯುತ್ತಿದ್ದರು.

ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆಯ ನಡುವೆ, ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯ ಜಾಗ ಪುರಸಭೆಗೆ ಬಂತು. ಅದರ ಬಳಕೆ ಬದಲಿಸಲು ಸಭೆ ಕರೆದರು. ವರ್ತಕರು ಗಾಡಿ ನಿಲ್ಲಿಸಲು ಜಾಗ ಬೇಕೆಂದರು, ನಾಟಕದವರು ರಂಗಮಂದಿರ ಬೇಕೆಂದರು. ಕೂಗಾಟದಲ್ಲಿ ಸಭೆ ಮುರಿಯಿತು. ಇನ್ನೊಮ್ಮೆ ಹೀಗಾದರೆ ಜಾಗ ಹರಾಜಿಗೆ ಎಂದರು ಅಧ್ಯಕ್ಷರು.

"ಆಯ್ತದೆ ಬುಡು," ಎಂದರು ಮಾವ.

ಸಂತೆಯ ದಿನ ಬಂದ ಟ್ರಾಕ್ಟರುಗಳನ್ನೆಲ್ಲ ಆ ಜಾಗಕ್ಕೇ ತರಿಸಿ ನಿಲ್ಲಿಸಿದರು. ಸಂಜೆ ಅವುಗಳಲ್ಲೇ ಎರಡು ಟ್ರೈಲರು ಜೋಡಿಸಿ, ಗದೆ ಹೊತ್ತು ಹತ್ತಿದರು. ನೋಡಲು ಬಂದು ಕೂತಿದ್ದ ವರ್ತಕರಿಗೆ, "ಗಾಡಿನೂ ನಿಂತವೆ, ನಾಟ್ಕನೂ ನಡೀತದೆ. ಕಿತ್ತಾಡದು ಯಾಕ್ರಪ್ಪ?" ಎಂದರು. ಮುಂದಿನ ಸಭೆಯಲ್ಲಿ ಕೆಳಗೆ ಗಾಡಿ, ಮೇಲೆ ರಂಗಮಂದಿರ ಎಂದು ಒಪ್ಪಿಗೆಯಾಯಿತು.

ಕಟ್ಟಡ ಮುಗಿದ ಮೇಲೆ ನನ್ನನ್ನೂ ಕರೆದುಕೊಂಡು ಹೋದರು. ಸಿಮೆಂಟಿನ ರಂಗದ ನಡುವೆ ನಿಂತು ಬಲವಾಗಿ ಕಾಲು ಕುಟ್ಟಿದರು. ಏನೂ ಅಲ್ಲಾಡಲಿಲ್ಲ. ಮತ್ತೆ ಕುಟ್ಟಿದರು.

"ಶಿಳ್ಳೆ ಬೇಕು ಅಂದ್ರೆ ಇನ್ಮೇಲೆ ನೆಟ್ಟಗೆ ಪಾರ್ಟು ಮಾಡ್ಲೇಬೇಕು ಕಣ್ಲಾ," ಎಂದರು.

ಆಮೇಲೆ ತೊಡೆಗೆ ಒಂದೇಟು ಹಾಕಿಕೊಂಡರು.